ವರ್ಜೀನಿಯಾ ಪುರುಷರ ಟೆನಿಸ್ ತಂಡ: ಸೋಮದೇವ್ ಇದ್ದಾಗ ಬರದ ಕಪ್, ಆಮೇಲೆ ಆರು ಸಲ ಹೇಗೆ ಬಂತು?

ಬೇಸ್‌ಲೈನ್ ಬಸವ

ಸೋಮದೇವ್ ದೇವವರ್ಮನ್ ಹೆಸರು ಬಂದಾಗ ನಮ್ಮವರು ನೆನೆಯುವುದು ಎರಡೇ. 2009ರ ಚೆನ್ನೈ ಓಪನ್ ಫೈನಲ್, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್ ಚಿನ್ನ. ಅದಕ್ಕೂ ಮುಂಚೆ ಅವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿದ್ದರಲ್ಲ, ಆ ಕತೆ ಯಾರ ಬಾಯಲ್ಲೂ ಬರುವುದಿಲ್ಲ. 2006, 2007, 2008, ಹೀಗೆ ಸತತ ಮೂರು ವರ್ಷ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ) ಸಿಂಗಲ್ಸ್ ಫೈನಲ್. ಮೊದಲನೆಯದರಲ್ಲಿ ಯುಸಿಎಲ್‌ಎ ಕಾಲೇಜಿನ ಬೆಂಜಮಿನ್ ಕೋಲೋಫೆಲ್ ಎದುರು ಸೋಲು. ಉಳಿದ ಎರಡರಲ್ಲಿ ಗೆಲುವು. 2008ರ ಸೀಸನ್‌ನಲ್ಲಿ ಅವರ ಸಿಂಗಲ್ಸ್ ಲೆಕ್ಕ 44 ಗೆಲುವು, 1 ಸೋಲು!

ಆದರೆ ಅಷ್ಟು ವರ್ಷಗಳಲ್ಲಿ ವರ್ಜೀನಿಯಾ ತಂಡಕ್ಕೆ ಎನ್‌ಸಿಎಎ ತಂಡ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಸೋಮದೇವ್ ಹೋದ ಮೇಲೆ ಬಂತು. 2013, 2015, 2016, 2017, 2022, 2023. ಒಟ್ಟು ಆರು.

ನನ್ನ ವಾದ ಇಷ್ಟೇ. ಕಾಲೇಜು ಟೆನಿಸ್ ತಂಡದ ಇತಿಹಾಸವನ್ನು ಅದರ ದೊಡ್ಡ ಹೆಸರುಗಳಿಂದ ಓದಿದರೆ ಏನೂ ಗೊತ್ತಾಗುವುದಿಲ್ಲ. ನಾಲ್ಕು, ಐದು, ಆರನೇ ಕೋರ್ಟಿನಲ್ಲಿ ಯಾರು ಆಡಿದರು ಅನ್ನುವುದನ್ನು ನೋಡಬೇಕು. ಒಪ್ಪದವರು ಬನ್ನಿ, ಮಾತಾಡೋಣ.

ಹೊಸ ರಾಕೆಟ್

ಸರ್, ನನಗೆ ಬುಡದಿಂದಲೇ ಹೇಳಬೇಕು. ಟೆನಿಸ್‌ನಲ್ಲಿ ತಂಡ ಅಂದರೆ ಡೇವಿಸ್ ಕಪ್ ಮಾತ್ರ ಗೊತ್ತು. ಆರನೇ ಕೋರ್ಟ್ ಅಂದರೆ ಏನು?

ನೆಟ್ ಕಾರ್ಡ್

ನಾನು ಹೇಳುತ್ತೇನೆ. ಒಂದು ಪಂದ್ಯಕ್ಕೆ ಒಟ್ಟು ಏಳು ಪಾಯಿಂಟ್. ಮೊದಲು ಮೂರು ಡಬಲ್ಸ್ ಒಟ್ಟೊಟ್ಟಿಗೆ ನಡೆಯುತ್ತವೆ. ಮೂರರಲ್ಲಿ ಎರಡು ಗೆದ್ದವರಿಗೆ ಒಂದು ಪಾಯಿಂಟ್, ಅಷ್ಟೇ. ಆಮೇಲೆ ಆರು ಸಿಂಗಲ್ಸ್ ಆರು ಕೋರ್ಟ್‌ಗಳಲ್ಲಿ. ಒಂದೊಂದಕ್ಕೆ ಒಂದೊಂದು ಪಾಯಿಂಟ್. ಮೊದಲು ನಾಲ್ಕು ಮುಟ್ಟಿದವರು ಗೆದ್ದಂತೆ.

ಆಟಗಾರರನ್ನು ಬಲದ ಪ್ರಕಾರ ಸಾಲಾಗಿ ನಿಲ್ಲಿಸಬೇಕು. ಒಂದನೇ ಕೋರ್ಟಿನಲ್ಲಿ ನಿಮ್ಮ ಸ್ಟಾರ್, ಆರನೇ ಕೋರ್ಟಿನಲ್ಲಿ ಆರನೆಯವನು. ಸ್ಟಾರ್ 6-0, 6-0 ಗೆದ್ದರೂ ಒಂದೇ ಪಾಯಿಂಟ್. ಆರನೆಯವನು ಮೂರನೇ ಸೆಟ್ ಟೈಬ್ರೇಕ್‌ನಲ್ಲಿ ಏದುಸಿರು ಬಿಟ್ಟು ಗೆದ್ದರೂ ಅದೇ ಒಂದು ಪಾಯಿಂಟ್. ಇನ್ನೊಂದು ಮಜಾ ಇದೆ. ದೊಡ್ಡ ಪಂದ್ಯಗಳಲ್ಲಿ ಒಂದು ತಂಡ ನಾಲ್ಕು ಮುಟ್ಟಿದ ಕ್ಷಣವೇ ಉಳಿದ ಕೋರ್ಟ್‌ಗಳ ಆಟ ಅಲ್ಲಲ್ಲೇ ನಿಲ್ಲುತ್ತದೆ. ಸ್ಟಾರ್ ಎರಡನೇ ಸೆಟ್‌ನಲ್ಲಿ 5-1 ಮುಂದಿರಲಿ, ಆ ಮ್ಯಾಚ್ ಲೆಕ್ಕಕ್ಕೇ ಇಲ್ಲ. ಆ ನಾಲ್ಕನೇ ಪಾಯಿಂಟ್ ತಂದುಕೊಡುವುದಕ್ಕೆ ಕ್ಲಿಂಚ್ ಅನ್ನುತ್ತಾರೆ. ಹತ್ತು ವರ್ಷ ಬಿಟ್ಟು ಮಾತಾಡಿಸಿದರೂ ಹಳೇ ಆಟಗಾರರು ಮೊದಲು ಹೇಳುವುದು ಯಾರು ಕ್ಲಿಂಚ್ ಮಾಡಿದರು ಅಂತಲೇ.

1993ಕ್ಕೆ ಮುಂಚೆ ಹೀಗಿರಲಿಲ್ಲ. ಒಂಬತ್ತು ಪಾಯಿಂಟ್ ಇತ್ತು. ಆರು ಸಿಂಗಲ್ಸ್ ಮೊದಲು, ಮೂರು ಡಬಲ್ಸ್ ಆಮೇಲೆ, ಎಲ್ಲದಕ್ಕೂ ಒಂದೊಂದು. ಅದಕ್ಕೂ ಹಿಂದೆ, 1976ರವರೆಗೆ, ತಂಡಗಳು ನೇರ ಎದುರಾಗುತ್ತಲೇ ಇರಲಿಲ್ಲ. ಸಿಂಗಲ್ಸ್, ಡಬಲ್ಸ್ ಟೂರ್ನಿಯಲ್ಲಿ ಹುಡುಗರು ಗೆದ್ದ ಸುತ್ತುಗಳನ್ನು ಕೂಡಿಸಿ ತಂಡದ ಕಪ್ ಕೊಡುತ್ತಿದ್ದರು. ಹಾಗಾಗಿ 1976ರಲ್ಲಿ ಯುಎಸ್‌ಸಿ, ಯುಸಿಎಲ್‌ಎ ಎರಡೂ ಕಾಲೇಜಿಗೆ ಸಮ ಆಗಿ ಕಪ್ ಹಂಚಿದರು. ಆ ಕಾಲದಲ್ಲಿ ಇಬ್ಬರು ಸ್ಟಾರ್ ಇದ್ದರೆ ಸಾಕಿತ್ತು. 1977ರಿಂದ ಸಾಲಲಿಲ್ಲ.

ಹಳೇ ಮರದ ರಾಕೆಟ್

ಬಸವ, ನಿನ್ನ ವಾದಕ್ಕೆ ಸ್ಟ್ಯಾನ್‌ಫರ್ಡ್ ಅಡ್ಡ ಬರುತ್ತದಲ್ಲಪ್ಪ. 1978ರಲ್ಲಿ ಜಾನ್ ಮೆಕೆನ್ರೋ ಮೊದಲ ವರ್ಷದ ವಿದ್ಯಾರ್ಥಿ. ಹಿಂದಿನ ಬೇಸಿಗೆಯಲ್ಲೇ ಕ್ವಾಲಿಫೈಯರ್ ಆಗಿ ಹೋಗಿ ವಿಂಬಲ್ಡನ್ ಸೆಮಿಫೈನಲ್ ಆಡಿ ಬಂದಿದ್ದ ಹುಡುಗ. ಸಿಂಗಲ್ಸ್ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್‌ನ ಜಾನ್ ಸ್ಯಾಡ್ರಿಯನ್ನು 7-6, 7-6, 5-7, 7-6ರಿಂದ ಸೋಲಿಸಿದ. ತಂಡವೂ ಗೆದ್ದಿತು, ಇಡೀ ಸೀಸನ್ ಒಂದೂ ಸೋಲಿಲ್ಲದೆ. ಮರುವರ್ಷ ಅವನು ಕಾಲೇಜಿನಲ್ಲಿರಲಿಲ್ಲ.

1992ರಲ್ಲಿ ಅಲೆಕ್ಸ್ ಓಬ್ರಿಯನ್, 1998ರಲ್ಲಿ ಬಾಬ್ ಬ್ರಯಾನ್. ಇಬ್ಬರೂ ಒಂದೇ ವರ್ಷದಲ್ಲಿ ಸಿಂಗಲ್ಸ್, ಡಬಲ್ಸ್, ತಂಡ ಮೂರನ್ನೂ ಗೆದ್ದರು. 1998ರ ತಂಡದ ಲೆಕ್ಕ 28-0. ಸ್ಟಾರ್ ಇದ್ದರೆ ಕಪ್ ಬರುವುದಿಲ್ಲ ಅಂತ ಯಾರು ಹೇಳಿದ್ದು?

ಬೇಸ್‌ಲೈನ್ ಬಸವ

ಬರುವುದಿಲ್ಲ ಅಂತ ನಾನೆಲ್ಲಿ ಹೇಳಿದೆ ಸರ್? ಸ್ಟಾರ್‌ನಿಂದ ಬರುವುದಿಲ್ಲ ಅಂದೆ. 1978ರ ಸ್ಟ್ಯಾನ್‌ಫರ್ಡ್‌ನಲ್ಲಿ ಮೆಕೆನ್ರೋ ಪಕ್ಕದಲ್ಲೇ ಮ್ಯಾಟ್ ಮಿಚೆಲ್ ಇದ್ದ, 1977ರ ಸಿಂಗಲ್ಸ್ ಚಾಂಪಿಯನ್. ಬಿಲ್ ಮೇಜ್ ಕೂಡ ಇದ್ದ. 1998ರಲ್ಲಿ ಬಾಬ್ ಜೊತೆ ಅವನ ಅವಳಿ ಮೈಕ್, ಮೇಲೆ ಪಾಲ್ ಗೋಲ್ಡ್‌ಸ್ಟೀನ್. ಆ ಗೋಲ್ಡ್‌ಸ್ಟೀನ್ ಓದಿದ ನಾಲ್ಕೂ ವರ್ಷ, 1995ರಿಂದ 1998ರವರೆಗೆ, ಕಪ್ ಗೆದ್ದವನು. ಮೆಕೆನ್ರೋ ಒಂದೇ ವರ್ಷ ಇದ್ದದ್ದು. ಡಿಕ್ ಗೌಲ್ಡ್ ಕೋಚ್ ಆಗಿದ್ದ 38 ವರ್ಷದಲ್ಲಿ ಸ್ಟ್ಯಾನ್‌ಫರ್ಡ್ ಗೆದ್ದದ್ದು 17 ಕಪ್. ಅದರಲ್ಲಿ ಮೆಕೆನ್ರೋ ಪಾಲು ಒಂದು.

ಡ್ರಾಪ್ ಶಾಟ್

ಸೋಮದೇವ್ ಆಡಿದ 2007ರ ಸಿಂಗಲ್ಸ್ ಫೈನಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ, ನಾನೇ ಹೇಳಿಬಿಡುತ್ತೇನೆ.

ಎದುರಾಳಿ ಜಾನ್ ಇಸ್ನರ್. ಆಡಿದ್ದು ಅಮೆರಿಕದ ಅಥೆನ್ಸ್‌ನಲ್ಲಿ, ಅಂದರೆ ಜಾರ್ಜಿಯಾ ವಿಶ್ವವಿದ್ಯಾಲಯದ ಅಂಗಳದಲ್ಲೇ. ಇಸ್ನರ್ ಅದೇ ಕಾಲೇಜಿನವನು. ಕೆಲವೇ ದಿನ ಮುಂಚೆ ಅವನ ತಂಡ ಅಲ್ಲೇ ಕಪ್ ಎತ್ತಿತ್ತು. ಅಂದರೆ ನೋಡುವವರೆಲ್ಲ ಅವನ ಕಡೆಯವರು. ಕಾಲೇಜು ಟೆನಿಸ್‌ನಲ್ಲಿ ವಿಂಬಲ್ಡನ್ ಥರ ಕೈಕಟ್ಟಿ ಕೂರುವ ಜನ ಇಲ್ಲ. ಕೂಗು, ಹಾಡು, ಎದುರಾಳಿಯ ಡಬಲ್ ಫಾಲ್ಟ್‌ಗೆ ಚಪ್ಪಾಳೆ, ಎಲ್ಲಾ ಇದೆ. ಅಥೆನ್ಸ್ ಅಂತೂ ಅದಕ್ಕೇ ಹೆಸರುವಾಸಿ.

ಇಸ್ನರ್ ಎತ್ತರ ಆರು ಮುಕ್ಕಾಲು ಅಡಿಗೂ ಮೇಲೆ. ಸರ್ವ್ ಮಾಡಿದರೆ ಚೆಂಡು ಪುಟಿದು ತಲೆ ಮೇಲೆ ಹೋಗುತ್ತದೆ. ಸೋಮದೇವ್‌ಗೆ ಅಂಥ ಸರ್ವ್ ಇರಲಿಲ್ಲ. ಇದ್ದದ್ದು ಕಾಲು. ಎಲ್ಲಿಗೆ ಹೊಡೆದರೂ ಓಡಿ ಹೋಗಿ ಇನ್ನೊಂದು ಚೆಂಡು ವಾಪಸ್ ಕಳಿಸುವ ಆಟ. ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಸೋಮದೇವ್‌ಗೆ 9-7. ಎರಡನೇ ಸೆಟ್ ಇಸ್ನರ್‌ಗೆ 6-4. ಮೂರನೆಯದು ಮತ್ತೆ ಟೈಬ್ರೇಕ್. ಟೈಬ್ರೇಕ್ ಅಂದರೆ ಅದು ದೊಡ್ಡ ಸರ್ವ್ ಇರುವವನ ಮನೆ ಅಲ್ವಾ? ಸೋಮದೇವ್ ಅದನ್ನು 7-2ರಿಂದ ಗೆದ್ದರು. ಅದೂ ಇಸ್ನರ್ ಮೇಲೆ, ಅವನದೇ ಕೋರ್ಟ್‌ನಲ್ಲಿ.

ಮೂರು ವರ್ಷ ಆದ ಮೇಲೆ ಇದೇ ಇಸ್ನರ್ ವಿಂಬಲ್ಡನ್‌ನಲ್ಲಿ ಕೊನೇ ಸೆಟ್ 70-68 ಆಡಿ 11 ಗಂಟೆ 5 ನಿಮಿಷದ ಮ್ಯಾಚ್ ಗೆದ್ದ. ಆಗ ನನಗೆ ನೆನಪಾದದ್ದು ಆ 7-2.

ಕೋರ್ಟ್ ನಂಬರ್ ಸಿಕ್ಸ್

ಒಳ್ಳೇ ಕತೆ. ಆದರೆ ಇದು ಬಸವ ಅವರ ಮಾತನ್ನೇ ಗಟ್ಟಿ ಮಾಡುತ್ತದೆ. ಆ ವಾರ ಚಾಂಪಿಯನ್ ಆಗಿ ಮನೆಗೆ ಹೋದದ್ದು ಸೋಮದೇವ್, ತಂಡದ ಕಪ್ ಉಳಿದದ್ದು ಜಾರ್ಜಿಯಾದಲ್ಲಿ.

ಕೋಚ್ ಬ್ರಯಾನ್ ಬೋಲಂಡ್ ಹೆಸರನ್ನು ಇಲ್ಲಿ ಯಾರೂ ಎತ್ತಿಲ್ಲ. ಬೋಲಂಡ್ 2001ರಲ್ಲಿ ಇಂಡಿಯಾನಾ ಸ್ಟೇಟ್‌ನಿಂದ ವರ್ಜೀನಿಯಾ ಕಾಲೇಜಿರುವ ಶಾರ್ಲಟ್ಸ್‌ವಿಲ್‌ಗೆ ಬಂದರು. ಆಗ ಕಾಲೇಜು ಟೆನಿಸ್ ಅಂದರೆ ಕ್ಯಾಲಿಫೋರ್ನಿಯಾ. ಯುಎಸ್‌ಸಿ, ಯುಸಿಎಲ್‌ಎ, ಸ್ಟ್ಯಾನ್‌ಫರ್ಡ್ ಈ ಮೂರೇ ಕಪ್‌ಗಳನ್ನು ಬಾಚಿಕೊಂಡಿದ್ದವು. ಪೂರ್ವದ ಕಡೆಯಿಂದ ಗಟ್ಟಿಯಾಗಿ ನಿಂತದ್ದು ಜಾರ್ಜಿಯಾ ಒಂದೇ, ಅದೂ ಡ್ಯಾನ್ ಮ್ಯಾಗಿಲ್ ಅಂಥ ಒಬ್ಬ ಕೋಚ್ ದಶಕಗಳ ಕಾಲ ಪಟ್ಟು ಹಿಡಿದು ಕೂತಿದ್ದರಿಂದ. 1985ರಲ್ಲಿ ಅವರಿಗೆ ಮೊದಲ ಕಪ್.

ಬೋಲಂಡ್ ಮಾಡಿದ ಮೊದಲ ದೊಡ್ಡ ಕೆಲಸ ಒಳಾಂಗಣದಲ್ಲಿ. ಫೆಬ್ರವರಿಯಲ್ಲಿ ನಡೆಯುವ ನ್ಯಾಷನಲ್ ಟೀಮ್ ಇಂಡೋರ್ಸ್ ಅನ್ನು ವರ್ಜೀನಿಯಾ 2008ರಲ್ಲಿ ಗೆದ್ದಿತು. ಸೋಮದೇವ್ ಆಗ ಕೊನೇ ವರ್ಷ. ಆಮೇಲೆ 2009, 2010, 2011. ಸತತ ನಾಲ್ಕು. ಅಂದರೆ ಸೋಮದೇವ್ ಕಾಲದಲ್ಲಿ ತಂಡ ಖಾಲಿ ಕೈ ಅನ್ನುವುದು ಸರಿಯಲ್ಲ. ಫೆಬ್ರವರಿಯಲ್ಲಿ ಗೆಲ್ಲುತ್ತಿದ್ದರು, ಮೇನಲ್ಲಿ ಜಾರುತ್ತಿದ್ದರು.

ಹೊಸ ರಾಕೆಟ್

ಫೆಬ್ರವರಿಯಲ್ಲಿ ಗೆದ್ದವರಿಗೆ ಮೇನಲ್ಲಿ ಏನು ಕಷ್ಟ? ಅದೇ ಹುಡುಗರು ತಾನೇ?

ಕೋರ್ಟ್ ನಂಬರ್ ಸಿಕ್ಸ್

ಒಳಾಂಗಣದಲ್ಲಿ ಗಾಳಿ ಇಲ್ಲ, ಬಿಸಿಲಿಲ್ಲ. ಸರ್ವ್ ಚೆನ್ನಾಗಿದ್ದವನಿಗೆ ಬೇಗ ಬೇಗ ಪಾಯಿಂಟ್. ಮೇ ತಿಂಗಳಲ್ಲಿ ಹೊರಗೆ ಸೆಕೆ. ಕೆಲವೇ ದಿನಗಳಲ್ಲಿ ಸಾಲು ಸಾಲು ಪಂದ್ಯ. ಮೂರನೇ ಸೆಟ್‌ಗೆ ಹೋದರೆ ಕಾಲು ಹಿಡಿಯುತ್ತದೆ. ಒಂದನೇ ಕೋರ್ಟಿನವನು ಹೇಗೋ ನಿಭಾಯಿಸುತ್ತಾನೆ. ಕೆಳಗಿನ ಕೋರ್ಟಿನವರು ಉಳಿಯುತ್ತಾರಾ ಅನ್ನುವುದೇ ಪ್ರಶ್ನೆ.

2011 ಮತ್ತು 2012ರಲ್ಲಿ ವರ್ಜೀನಿಯಾ ಫೈನಲ್ ತನಕ ಬಂತು. ಎರಡೂ ಸಲ ಯುಎಸ್‌ಸಿ ಎದುರು ಸೋಲು. ಆ ಯುಎಸ್‌ಸಿ ತಂಡದಲ್ಲಿ ಸ್ಟೀವ್ ಜಾನ್ಸನ್. ಎರಡೂ ವರ್ಷ ಸಿಂಗಲ್ಸ್ ಗೆದ್ದವನು, ಕಾಲೇಜು ಬಿಡುವಾಗ ಸತತ 72 ಸಿಂಗಲ್ಸ್ ಗೆಲುವು ಅವನ ಹೆಸರಲ್ಲಿ. ಇಲ್ಲಿ ಮಾತ್ರ ಸ್ಟಾರ್ ಕೂಡ ಕಪ್ ತಂದ ಅಂತ ಒಪ್ಪಲೇಬೇಕು.

ನೆಟ್ ಕಾರ್ಡ್

ಸರಿ, 2013ಕ್ಕೆ ಬರೋಣ. ನನ್ನ ಹೆಸರು ನೋಡಿದರೇ ಗೊತ್ತಾಗಬೇಕು ನಾನು ಯಾಕೆ ಕಾಯುತ್ತಿದ್ದೆ ಅಂತ.

ಇಲಿನಾಯ್‌ನ ಅರ್ಬಾನಾ. ಫೈನಲ್‌ನಲ್ಲಿ ವರ್ಜೀನಿಯಾ ಎದುರು ಯುಸಿಎಲ್‌ಎ. ವರ್ಜೀನಿಯಾ ಆ ಸೀಸನ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಲೆಕ್ಕ 3-3 ಆಯಿತು. ಉಳಿದದ್ದು ಒಂದೇ ಕೋರ್ಟ್. ವರ್ಜೀನಿಯಾದ ಮಿಚೆಲ್ ಫ್ರಾಂಕ್, ಯುಸಿಎಲ್‌ಎಯ ಏಡ್ರಿಯನ್ ಪ್ಯೂಜೆ. ಮೂರನೇ ಸೆಟ್. ಪ್ಯೂಜೆ 5-3 ಮುಂದೆ. ಮ್ಯಾಚ್ ಪಾಯಿಂಟ್. ಆ ಒಂದು ಪಾಯಿಂಟ್‌ಗೆ ಮ್ಯಾಚ್ ಮಾತ್ರ ಅಲ್ಲ, ಇಡೀ ರಾಷ್ಟ್ರೀಯ ಕಪ್ ಅವನದು.

ಪ್ಯೂಜೆ ನೆಟ್ಟಿಗೆ ಬಂದ. ವಾಲಿ ಹೊಡೆದ. ಚೆಂಡು ಫ್ರಾಂಕ್‌ಗೆ ಸಿಗದ ಹಾಗೆ ಬಿತ್ತು. ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ಅಂಪೈರ್ ಪಾಯಿಂಟ್ ಕೊಟ್ಟದ್ದು ಫ್ರಾಂಕ್‌ಗೆ. ಯಾಕೆಂದರೆ ಚೆಂಡು ಆಟದಲ್ಲಿರುವಾಗಲೇ ಪ್ಯೂಜೆ ನೆಟ್ ಮುಟ್ಟಿದ್ದ. ಆಟದ ನಿಯಮ ಇದರಲ್ಲಿ ಸ್ವಲ್ಪವೂ ಬಗ್ಗುವುದಿಲ್ಲ. ಚೆಂಡು ಎರಡನೇ ಸಲ ನೆಲಕ್ಕೆ ಬೀಳುವ ಮುಂಚೆ ಮೈ, ಬಟ್ಟೆ, ರಾಕೆಟ್ ಯಾವುದು ನೆಟ್ಟಿಗೆ ತಾಗಿದರೂ ಪಾಯಿಂಟ್ ಹೋಯಿತು.

ಅಲ್ಲಿಂದ ಫ್ರಾಂಕ್ ಒಂದು ಗೇಮ್ ಕೂಡ ಬಿಡಲಿಲ್ಲ. 5-3 ಇದ್ದದ್ದು 5-7 ಆಯಿತು. ವರ್ಜೀನಿಯಾ 4-3. ಮೊದಲ ಕಪ್.

ಕೆಲವರು ಇದನ್ನು ಅದೃಷ್ಟ ಅನ್ನುತ್ತಾರೆ. ನೆಟ್ ಮುಟ್ಟಿದ್ದು ಅದೃಷ್ಟವೇ ಇರಬಹುದು. ಆದರೆ ಆಮೇಲಿನ ನಾಲ್ಕು ಗೇಮ್? ಎದುರಿಗಿದ್ದವನ ತಲೆ ಕೆಟ್ಟಿರುತ್ತದೆ, ಸರಿ. ನಿಮ್ಮ ಕೈ ನಡುಗುವುದಿಲ್ಲವೇ? ಎಲ್ಲಾ ಕೋರ್ಟ್ ಖಾಲಿ, ಎರಡೂ ತಂಡದವರು, ಜನ, ಕೋಚ್‌ಗಳು, ಎಲ್ಲರೂ ನಿಮ್ಮೊಬ್ಬರ ಕೋರ್ಟ್ ಸುತ್ತ.

ಹಳೇ ಮರದ ರಾಕೆಟ್

ಅಂಪೈರ್ ಕಣ್ಣು ಚುರುಕಿತ್ತು ಅನ್ನಿ. ಸೀಸನ್‌ನ ಎಷ್ಟೋ ಮ್ಯಾಚ್‌ಗಳಲ್ಲಿ ಕೋರ್ಟಿಗೊಬ್ಬ ಚೇರ್ ಅಂಪೈರ್ ಇರುವುದೇ ಇಲ್ಲ. ತಿರುಗಾಡುವ ಅಂಪೈರ್‌ಗಳು ಇರುತ್ತಾರೆ. ಲೈನ್ ಕಾಲ್ ಆಟಗಾರರದ್ದೇ. ಔಟ್ ಅಂತ ಕೂಗುವುದೂ ಎದುರಾಳಿಯೇ. ಜಗಳ ಅಲ್ಲೇ ಶುರು. ಸರ್ವ್ ನೆಟ್ಟಿಗೆ ತಾಗಿ ಒಳಗೆ ಬಿದ್ದರೆ ಲೆಟ್, ಅಂದರೆ ಮತ್ತೆ ಸರ್ವ್ ಮಾಡಬೇಕು. ತಾಗದಿದ್ದರೂ ಲೆಟ್ ಅಂತ ಸುಳ್ಳು ಕೂಗುವವರು ಜಾಸ್ತಿ ಆದರು ಅಂತ ಪುರುಷರ ಡಿವಿಷನ್ 1ರಲ್ಲಿ (ಕಾಲೇಜು ಆಟದ ಮೇಲಿನ ದರ್ಜೆ) 1999ರಿಂದ ಲೆಟ್ ಅನ್ನೇ ತೆಗೆದುಹಾಕಿದರು. ಏಸ್ ಹೋದಾಗ ಲೆಟ್ ಕೂಗಿ ಪಾರಾಗುತ್ತಿದ್ದರಂತೆ, ಕಳ್ಳರು! ಈಗ ನೆಟ್ಟಿಗೆ ತಾಗಿದ ಸರ್ವ್ ಕೂಡ ಆಡಲೇಬೇಕು.

ಡ್ರಾಪ್ ಶಾಟ್

2013ರ ತಂಡದಲ್ಲಿ ಜಾರ್ಮೀರ್ ಜೆಂಕಿನ್ಸ್ ಇದ್ದದ್ದನ್ನು ಮರೆಯಬೇಡಿ. ಅದೇ ಟೂರ್ನಿಯಲ್ಲಿ ಮ್ಯಾಕ್ ಸ್ಟೈಸ್ಲಿಂಗರ್ ಜೊತೆ ಡಬಲ್ಸ್ ಗೆದ್ದ. ಸಿಂಗಲ್ಸ್ ಫೈನಲ್ ತನಕ ಬಂದು ಒಹಾಯೊ ಸ್ಟೇಟ್‌ನ ಬ್ಲಾಜ್ ರೋಲಾಗೆ ಸೋತ. ಸೋಮದೇವ್‌ಗೆ ಸಿಕ್ಕಿದ್ದು ಇವನಿಗೆ ಸಿಗಲಿಲ್ಲ, ಇವನಿಗೆ ಸಿಕ್ಕಿದ್ದು ಸೋಮದೇವ್‌ಗೆ ಸಿಗಲಿಲ್ಲ. ನನ್ನನ್ನು ಕೇಳಿದರೆ ಸೋಮದೇವ್ ಈ ತಂಡದ ಚರಿತ್ರೆಯಲ್ಲೇ ಅತಿ ದೊಡ್ಡ ಆಟಗಾರ, ಕಪ್ ಇರಲಿ ಬಿಡಲಿ. ಅವರು ಎರಡು ಸಲ ಚಾಂಪಿಯನ್ ಆದ ಮೇಲೆಯೇ ಒಳ್ಳೊಳ್ಳೇ ಹುಡುಗರು ಶಾರ್ಲಟ್ಸ್‌ವಿಲ್ ಕಡೆ ತಿರುಗಿ ನೋಡಿದ್ದು ಅಂತ ನನ್ನ ಅನಿಸಿಕೆ. ಸನಮ್ ಸಿಂಗ್ ಅಲ್ಲಿಗೇ ಹೋದರು. ಆಮೇಲೆ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಇಬ್ಬರು ಸೇರಿ ಡಬಲ್ಸ್ ಚಿನ್ನ ತಂದರು. ಒಂದೇ ಕಾಲೇಜಿನ ಜೋಡಿ.

ಲವ್ ಫಾರ್ಟಿ

ಇಲ್ಲೆಲ್ಲ ಗಂಡಸರ ತಂಡದ ಮಾತೇ ನಡೆದಿದೆ, ನಡೆಯಲಿ. ಆದರೆ ಬಸವ ಅವರ ವಾದಕ್ಕೆ ಎಲ್ಲಕ್ಕಿಂತ ಒಳ್ಳೇ ಸಾಕ್ಷಿ ಅದೇ ಕಾಲೇಜಿನ ಹೆಂಗಸರ ತಂಡ. ಡೇನಿಯಲ್ ಕಾಲಿನ್ಸ್ 2014 ಮತ್ತು 2016ರಲ್ಲಿ ಸಿಂಗಲ್ಸ್ ಚಾಂಪಿಯನ್. ಎಮ್ಮಾ ನವಾರೊ 2021ರಲ್ಲಿ. ಇಬ್ಬರೂ ಆಮೇಲೆ ಜಗತ್ತಿನ ಮೊದಲ ಹತ್ತರೊಳಗೆ ಬಂದವರು. ಅವರಿದ್ದ ವರ್ಷಗಳಲ್ಲಿ ತಂಡದ ಕಪ್ ಎಷ್ಟು? ಸೊನ್ನೆ.

ಇನ್ನು 2013ರ ಆಚೆ ಗಂಡಸರ ಲೆಕ್ಕ ನೋಡಿ. 2015 ವೇಕೊ, 2016 ಟಲ್ಸಾ, ಎರಡೂ ಕಡೆ ಒಕ್ಲಹೋಮಾ ಎದುರು 4-1. 2017 ಅಥೆನ್ಸ್, ನಾರ್ತ್ ಕ್ಯಾರೊಲೈನಾ ಎದುರು 4-2. ನನಗೆ ಇದರಲ್ಲಿ 2016 ಇಷ್ಟ. 2015ರಲ್ಲಿ ರಯಾನ್ ಶೇನ್, 2017ರಲ್ಲಿ ತಾಯ್-ಸನ್ ಕ್ವಿಯಾಟ್ಕೋವ್ಸ್ಕಿ ಸಿಂಗಲ್ಸ್ ಕೂಡ ಗೆದ್ದರು. ನಡುವಿನ 2016ರಲ್ಲಿ ವರ್ಜೀನಿಯಾಗೆ ಸಿಂಗಲ್ಸ್ ಚಾಂಪಿಯನ್ ಯಾರೂ ಇಲ್ಲ, ಕಪ್ ಮಾತ್ರ ಬಂತು.

ನೆಟ್ ಕಾರ್ಡ್

ಮೇಡಂ ಹೇಳಿದ ಹೆಂಗಸರ ತಂಡದ ಉದಾಹರಣೆಗೆ ನನ್ನ ಹತ್ತಿರ ಉತ್ತರ ಇಲ್ಲ. ಚೆನ್ನಾಗಿದೆ.

2016ರ ಹೊತ್ತಿಗೆ ಆಟದ ಲೆಕ್ಕವೂ ಬದಲಾಗಿತ್ತು, ಅದನ್ನೂ ಸೇರಿಸಿಕೊಳ್ಳಿ. ಡ್ಯೂಸ್ ಆದ ಮೇಲೆ ಎರಡು ಪಾಯಿಂಟ್ ಮುಂದಿರಬೇಕು ಅನ್ನುವುದು ಹೋಯಿತು. 40-40 ಆದರೆ ಒಂದೇ ಪಾಯಿಂಟ್, ಗೆದ್ದವರಿಗೆ ಗೇಮ್. ಡಬಲ್ಸ್ ಎಂಟು ಗೇಮ್‌ಗಳ ಸೆಟ್ ಇದ್ದದ್ದು ಆರಕ್ಕೆ ಇಳಿಯಿತು. ಟಿವಿಗೆ ಹೊಂದಲಿ, ಬೇಗ ಮುಗಿಯಲಿ ಅಂತ. ಹಳಬರಿಗೆ ಇದು ಸೇರುವುದಿಲ್ಲ. ಫ್ರಾಂಕ್ ಥರ ಒದ್ದಾಡಿ ವಾಪಸ್ ಬರುವ ಆಟಕ್ಕೆ ಜಾಗ ಕಡಿಮೆ ಆಯಿತು ಅಂತ ಅವರ ದೂರು. ನನಗೂ ಹಾಗೇ ಅನಿಸುತ್ತದೆ. ಒಂದು ಕೆಟ್ಟ ಪುಟಿತಕ್ಕೆ ಗೇಮೇ ಹೋಗುತ್ತದೆ.

ಹಳೇ ಮರದ ರಾಕೆಟ್

2017ರ ಕಪ್ ಆದ ಕೂಡಲೇ ಬೋಲಂಡ್ ಅಮೆರಿಕದ ಟೆನಿಸ್ ಸಂಸ್ಥೆ ಯುಎಸ್‌ಟಿಎ ಕೆಲಸಕ್ಕೆ ಹೊರಟರು. ಕೋಚ್ ಹೋದರೆ ತಂಡ ಹೋಯಿತು ಅಂತ ಎಷ್ಟೋ ಕಾಲೇಜಿನಲ್ಲಿ ಆಗಿದೆ. ಸ್ಟ್ಯಾನ್‌ಫರ್ಡ್ ನೋಡು, ಗೌಲ್ಡ್ 2004ರಲ್ಲಿ ಬಿಟ್ಟ ಮೇಲೆ ತಂಡದ ಕಪ್ ಆ ಕಡೆ ತಲೆ ಹಾಕಿಲ್ಲ. ಅವರ ಕೊನೇ ಕಪ್ 2000ದ್ದು.

ವರ್ಜೀನಿಯಾದಲ್ಲಿ ಹಿಂದೆ ಬೋಲಂಡ್ ಕೈಕೆಳಗೆ ಕೆಲಸ ಮಾಡಿದ್ದ ಆಂಡ್ರೆಸ್ ಪೆಡ್ರೊಸೊ ಬಂದರು. ಐದು ವರ್ಷ ಹಿಡಿಯಿತು. 2022ರಲ್ಲಿ ಕೆಂಟಕಿ ಎದುರು 4-0. ಆಡಿದ ಊರು 2013ರದ್ದೇ, ಇಲಿನಾಯ್‌ನ ಅಂಗಳ. ಮರುವರ್ಷ ಒರ್ಲಾಂಡೊದಲ್ಲಿ ಒಹಾಯೊ ಸ್ಟೇಟ್ ಎದುರು ಮತ್ತೆ 4-0. ಎರಡು ಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟ್ ಬಿಟ್ಟುಕೊಡದ ತಂಡ! ಸ್ಟಾರ್ ಯಾರು ಅಂತ ಕೇಳಿದರೆ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಹೆಸರು ಹೇಳಲು ಬರುವುದಿಲ್ಲ. ಹೋಗಲಿ ಬಸವ, ನೀನು ಗೆದ್ದೆ ಅಂದುಕೋ.

ಹೊಸ ರಾಕೆಟ್

ನನಗೂ ಬರುವುದಿಲ್ಲ. ಯಾರು ಸರ್ ಅವರು?

ಬೇಸ್‌ಲೈನ್ ಬಸವ

ಕ್ರಿಸ್ ರೋಡೆಶ್, ಲಕ್ಸೆಂಬರ್ಗ್ ಹುಡುಗ. ಇನ್ಯಾಕಿ ಮಾಂಟೆಸ್, ಸ್ಪೇನ್. ಜೆಫ್ರಿ ವಾನ್ ಡೆರ್ ಶುಲೆನ್‌ಬರ್ಗ್, ಸ್ವಿಟ್ಜರ್ಲೆಂಡ್. ರಯಾನ್ ಗೆಟ್ಜ್ ಅಮೆರಿಕದವನು. ಹೊರಗಿನವರೇ ಜಾಸ್ತಿ ಅಂತ ಅಲ್ಲಿ ಗೊಣಗುವವರಿದ್ದಾರೆ. ಆದರೆ ಇದು ಹೊಸದಲ್ಲ. 1962ರಲ್ಲಿ ಯುಎಸ್‌ಸಿಗೆ ಸಿಂಗಲ್ಸ್ ಗೆದ್ದುಕೊಟ್ಟ ರಫಾಯೆಲ್ ಒಸುನಾ ಮೆಕ್ಸಿಕೊದವನು. 1984, 1985ರಲ್ಲಿ ಜಾರ್ಜಿಯಾಗೆ ಗೆದ್ದ ಮಿಕಾಯೆಲ್ ಪರ್ನ್‌ಫೋರ್ಸ್ ಸ್ವೀಡನ್ನಿನವನು, ಮರುವರ್ಷವೇ ಫ್ರೆಂಚ್ ಓಪನ್ ಫೈನಲ್ ಆಡಿದ. ಸೋಮದೇವ್ ಕೂಡ ಹೊರಗಿನವರೇ ತಾನೇ?

ಕಾರಣ ದುಡ್ಡಿನಲ್ಲೂ ಇದೆ. ಪುರುಷರ ಟೆನಿಸ್‌ಗೆ ಒಂದು ಕಾಲೇಜು ಕೊಡಬಹುದಾಗಿದ್ದ ಸ್ಕಾಲರ್‌ಶಿಪ್ ವರ್ಷಗಳ ಕಾಲ ಬರೀ ನಾಲ್ಕೂವರೆ. ಹೆಂಗಸರ ತಂಡಕ್ಕೆ ಎಂಟು. ಆ ನಾಲ್ಕೂವರೆಯನ್ನು ಎಂಟು ಹತ್ತು ಹುಡುಗರಿಗೆ ಹಂಚಬೇಕು. ಒಬ್ಬನಿಗೆ ಮುಕ್ಕಾಲು, ಇನ್ನೊಬ್ಬನಿಗೆ ಕಾಲು. ಯಾರಿಗೆ ಎಷ್ಟು ಅನ್ನುವುದರಲ್ಲೇ ಕೋಚ್‌ನ ಅರ್ಧ ತಲೆ ಖರ್ಚು. ಸ್ಟಾರ್‌ಗೆ ಪೂರ್ತಿ ಕೊಟ್ಟರೆ ಐದನೇ ಕೋರ್ಟ್ ಬಡವಾಗುತ್ತದೆ. 2025-26ರಿಂದ ಈ ಮಿತಿ ತೆಗೆದು, ತಂಡದಲ್ಲಿ ಎಷ್ಟು ಜನ ಇರಬಹುದು ಅನ್ನುವುದಕ್ಕೆ ಮಿತಿ ಹಾಕಿದ್ದಾರೆ. ದುಡ್ಡಿರುವ ಕಾಲೇಜುಗಳು ಇನ್ನೂ ದೊಡ್ಡದಾಗುತ್ತವೆ, ನೋಡ್ತಾ ಇರಿ.

ಲವ್ ಫಾರ್ಟಿ

ಅದಕ್ಕಿಂತ ದೊಡ್ಡ ಬದಲಾವಣೆ ಕ್ಯಾಲೆಂಡರ್‌ನದ್ದು. ಮೊದಲು ಮೇನಲ್ಲಿ ತಂಡದ ಕಪ್ ಮುಗಿದ ಮೇಲೆ ಅಲ್ಲೇ ಸಿಂಗಲ್ಸ್, ಡಬಲ್ಸ್. 2024ರಲ್ಲಿ ಸಿಂಗಲ್ಸ್, ಡಬಲ್ಸ್ ಎರಡನ್ನೂ ನವೆಂಬರ್‌ಗೆ ತಂದರು. ಅಂದರೆ ಸ್ಟಾರ್ ನವೆಂಬರ್‌ನಲ್ಲಿ ತನ್ನ ಚಾಂಪಿಯನ್‌ಶಿಪ್ ಆಡಿ, ಡಿಸೆಂಬರ್‌ನಲ್ಲಿ ಪ್ರೊ ಆಗಿ ಹೊರಡಬಹುದು. ತಂಡದ ಸೀಸನ್ ಶುರುವಾಗುವುದೇ ಜನವರಿಯಲ್ಲಿ. ಸ್ಟ್ಯಾನ್‌ಫರ್ಡ್‌ನ ನಿಶೇಷ್ ಬಸವರೆಡ್ಡಿ 2024ರ ಡಿಸೆಂಬರ್‌ನಲ್ಲಿ ಕಾಲೇಜು ಆಟ ಬಿಟ್ಟ. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಮೊದಲ ಸುತ್ತಿನಲ್ಲೇ ಜೊಕೊವಿಚ್ ಕೈಯಿಂದ ಒಂದು ಸೆಟ್ ಕಿತ್ತುಕೊಂಡ. ಅವನ ದೃಷ್ಟಿಯಿಂದ ಸರಿಯೇ. ಕೋಚ್ ಏನು ಮಾಡಬೇಕು?

ಕೋರ್ಟ್ ನಂಬರ್ ಸಿಕ್ಸ್

ಐದನೆಯವನನ್ನು ನಾಲ್ಕಕ್ಕೆ, ಆರನೆಯವನನ್ನು ಐದಕ್ಕೆ ಏರಿಸಬೇಕು. ಬೆಂಚಿನಲ್ಲಿ ಕೂತಿದ್ದವನಿಗೆ ಶೂ ಕಟ್ಟಿಕೋ ಅನ್ನಬೇಕು. ಯಾರೇ ಒಬ್ಬ ಮೇಲಿನಿಂದ ಹೋದರೂ ಆರೂ ಕೋರ್ಟ್ ಅಲುಗಾಡುತ್ತವೆ, ಯಾಕೆಂದರೆ ಎಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಹತ್ತಿ ತಮಗಿಂತ ಗಟ್ಟಿಯವನ ಎದುರು ಆಡಬೇಕು. 2024ರ ಯುಎಸ್ ಓಪನ್ ಜೂನಿಯರ್ ಚಾಂಪಿಯನ್ ರಫಾಯೆಲ್ ಹೋಡಾರ್ ವರ್ಜೀನಿಯಾಗೆ ಬಂದು 2025ರ ಸೀಸನ್ ಆಡಿದ. ಕಪ್ ಮಾತ್ರ ಆ ವರ್ಷ ವೇಕ್ ಫಾರೆಸ್ಟ್‌ಗೆ ಹೋಯಿತು.

ಡ್ರಾಪ್ ಶಾಟ್

ಹೋಡಾರ್ ಆಟದ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ನಾನು ಅಲ್ಲಿಗೆ ಬರುತ್ತೇನೆ. ಸೋಮದೇವ್ ವಿಷಯದಲ್ಲಿ ಮಾತ್ರ ನಾನು ಒಂದಿಂಚೂ ಹಿಂದೆ ಸರಿಯುವುದಿಲ್ಲ, ಬಸವಣ್ಣ.